ತಿರುವಿನ ಪಂಡಿತ

ಕರ್ನಾಟಕದ ನಗರಗಳಲ್ಲಿ ಇತ್ತೀಚಿನ ದಶಕಗಳಲ್ಲಿ ಕಾಣಿಸಿಕೊಂಡಿರುವ ನವಪಂಡಿತರ ಪೈಕಿ ತಿರುವಿನ ಪಂಡಿತನಿಗೆ ವಿಶಿಷ್ಟವಾದ ಸ್ಥಾನವಿದೆ. ಉಳಿದವರು ಗುರುಮುಖೇನವೋ ಗ್ರಂಥಮುಖೇನವೋ ವಿದ್ಯೆ ಸಂಪಾದಿಸಿದರೆ, ಈತನು ಅದನ್ನು ಎಡ ಮೊಣಕೈ ಮತ್ತು ಎಡ ಮಂಡಿಯ ಮೂಲಕ, ಒಂದೆರಡು ಸೆಕೆಂಡುಗಳಲ್ಲಿ, ನೇರವಾಗಿ ಡಾಂಬರಿನಿಂದಲೇ ಪಡೆದಿರುತ್ತಾನೆ. ಮೋಟಾರ್‌ಸೈಕಲ್ಲಿನಲ್ಲಿ ತಿರುವು ದಾಟುವಾಗ ಜಾರಿ ಬಿದ್ದು, ಬೈಕಿನ ಒಂದು ಇಂಡಿಕೇಟರನ್ನೂ ಮೈಯ ಅಂಗೈಯಗಲ ಚರ್ಮವನ್ನೂ ಕಳೆದುಕೊಂಡು, ಮೂಳೆಗಳೆಲ್ಲ ನೆಟ್ಟಗಿರುವ ಸ್ಥಿತಿಯಲ್ಲಿ ಮನೆಗೆ ಮರಳಿದವನಿಗೆ ಮಾತ್ರ ಈ ಪದವಿ ಸಲ್ಲುತ್ತದೆ. ಪೆಟ್ಟು ಇದಕ್ಕಿಂತ ದೊಡ್ಡದಾದರೆ ಮನೆಯವರು ಬೈಕನ್ನು ಮಾರಿಸಿಬಿಡುತ್ತಾರೆ, ಬೀಳದೆಯೇ ಉಳಿದರೆ ಹೇಳಿಕೊಳ್ಳಲು ಏನೂ ಇರುವುದಿಲ್ಲ. ಆದ್ದರಿಂದ ಪಾಂಡಿತ್ಯಕ್ಕೆ ಬೇಕಾದದ್ದು ಹದವಾದ, ಸಣ್ಣದಾದ, ಹೇಳಿಕೊಳ್ಳಲು ಅನುಕೂಲವಾದ ಒಂದು ಪತನ.

ಪಂಡಿತನ ಸಂಚಾರಕ್ಷೇತ್ರವು ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರ್ ದೂರದ ನಂದಿಬೆಟ್ಟದಿಂದ ತೊಡಗಿ ಚಾರ್ಮಾಡಿ, ಶಿರಾಡಿ, ಆಗುಂಬೆ ಘಾಟಿಗಳವರೆಗೆ ಹಬ್ಬಿದೆ. ವಾರದ ಐದು ದಿನ ಕಂಪ್ಯೂಟರಿನ ಮುಂದೆ ಕುಳಿತು ಬೆನ್ನುನೋವಿನ ಬಗ್ಗೆ ಗೊಣಗುವ ಈತನು ಭಾನುವಾರ ಬೆಳಗಿನ ಜಾವ ನಾಲ್ಕಕ್ಕೇ ಎದ್ದು, ತಿಂಡಿ ತಿನ್ನಲೆಂದು ಇನ್ನೊಂದು ಜಿಲ್ಲೆಗೆ ಹೊರಡುತ್ತಾನೆ. ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವ ದಾರಿಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ಹೇರ್‌ಪಿನ್ ಎಂದರೆ ರಸ್ತೆಯು ಬಂದ ದಿಕ್ಕಿಗೇ ಮರಳಿ ಹೊರಳುವಂತಹ ಕಡಿದಾದ ತಿರುವು. ಆದರೆ ಪಂಡಿತನು ಬೀಳುವುದು ಈ ಹದಿನಾಲ್ಕರಲ್ಲಿ ಯಾವುದರಲ್ಲೂ ಅಲ್ಲ. ಅಲ್ಲಿ ಎದೆ ಡವಗುಟ್ಟುವುದರಿಂದ ಆತನು ಮೊದಲ ಗೇರಿನಲ್ಲಿ, ಎರಡೂ ಕಾಲುಗಳನ್ನು ನೆಲಕ್ಕೆ ಸವರಿಸಿಕೊಂಡು ಇಳಿದಿರುತ್ತಾನೆ. ಘಾಟಿ ಮುಗಿದು, ಹಗುರವಾದ ಮನಸ್ಸಿನಿಂದ ವೇಗ ಹೆಚ್ಚಿಸಿದ ಮೇಲೆ, ಮೊದಲು ಸಲೀಸಾಗಿ ಕಂಡು ಮಧ್ಯದಲ್ಲಿ ಇದ್ದಕ್ಕಿದ್ದಂತೆ ಇನ್ನಷ್ಟು ಬಿಗಿಯಾಗುವ, ಹೆಸರೂ ನಂಬರೂ ಇಲ್ಲದ ಯಾವುದೋ ತಿರುವಿನಲ್ಲಿ, ತೋಟದ ಬೇಲಿಯ ಪಕ್ಕ ಆತನ ಪತನ ನಡೆಯುತ್ತದೆ. ಮುಂದೆ ವರ್ಣನೆಯಲ್ಲಿ ಈ ಅನಾಮಧೇಯ ತಿರುವಿಗೆ ಹೇರ್‌ಪಿನ್ನಿನ ಬಡ್ತಿ ಸಿಗುತ್ತದೆ.

ಬಿದ್ದ ಕ್ಷಣದ ನಂತರದ ನಡವಳಿಕೆಯಲ್ಲಿ ಈ ವರ್ಗದ ಎಲ್ಲರೂ ಒಂದೇ ಕ್ರಮವನ್ನು ಅನುಸರಿಸುತ್ತಾರೆ. ಪಂಡಿತನು ಚಿಮ್ಮಿದಂತೆ ಎದ್ದು ನಿಂತು, ಮೊದಲು ಯಾರಾದರೂ ನೋಡಿದರೇ ಎಂದು ಸುತ್ತ ಕಣ್ಣಾಡಿಸುತ್ತಾನೆ; ಎರಡನೆಯದಾಗಿ ಬೈಕಿನ ಪೆಟ್ರೋಲ್ ಟ್ಯಾಂಕಿಗೆ ಗೀರು ಬಿದ್ದಿದೆಯೇ ಎಂದು ಬಗ್ಗಿ ನೋಡುತ್ತಾನೆ; ಮೂರನೆಯದಾಗಿ, ತೋಟದಿಂದ ಓಡಿಬಂದವರು ಬೆರಳು ಮಾಡಿ ತೋರಿಸಿದ ಬಳಿಕವೇ, ತನ್ನ ಮೊಣಕೈಯಿಂದ ರಕ್ತ ಸುರಿಯುತ್ತಿರುವುದನ್ನು ಗಮನಿಸುತ್ತಾನೆ. ಹಾಗೆ ಓಡಿಬಂದವರಲ್ಲಿ ಹಿರಿಯರೊಬ್ಬರು ಬೈಕನ್ನು ಎತ್ತಿ ನಿಲ್ಲಿಸಲು ಕೈಕೊಡುತ್ತ, “ಎಂತ ಮಾರಾಯ್ರೇ, ಸ್ವಲ್ಪ ನಿಧಾನ ಹೋಗ್ಲಿಕ್ಕಾಗ್ಲಿಲ್ವಾ?” ಎಂದು ಕೇಳುತ್ತಾರೆ. ಅಪಘಾತದ ಕಾರಣವನ್ನು ಕುರಿತು ಆ ದಿನ ಮಾತ್ರವಲ್ಲ, ಮುಂದಿನ ವರ್ಷವಿಡೀ ನಡೆಯಲಿರುವ ಸಮಸ್ತ ಚರ್ಚೆಗಳಲ್ಲಿ ಸರಿಯಾದ ಮಾತು ಇದೊಂದೇ. ಪಂಡಿತನ ಕಿವಿಗೆ ಬೀಳದೆ ಹೋಗುವ ಮಾತೂ ಇದೊಂದೇ.

ಪತನದಿಂದ ಪಾಂಡಿತ್ಯದವರೆಗಿನ ಹಾದಿಯಲ್ಲಿ ಮೂರು ಘಟ್ಟಗಳಿವೆ. ಮೊದಲನೆಯದನ್ನು ಆರೋಪಿಗಳ ಶೋಧನೆಯ ಘಟ್ಟವೆನ್ನಬಹುದು. ಮರಳು, ಜಲ್ಲಿ, ಲಾರಿ ಚೆಲ್ಲಿದ ಡೀಸೆಲ್, ಅಡ್ಡ ಬಂದ ನಾಯಿ, ಟಯರ್ ಕಂಪನಿ, ಲೋಕೋಪಯೋಗಿ ಇಲಾಖೆ ಎಲ್ಲವೂ ಸರದಿಯ ಮೇಲೆ ಕಟಕಟೆ ಏರುತ್ತವೆ. ಕುಣಿಯಲಾರದವಳು ನೆಲ ಡೊಂಕು ಎಂದಳೆಂಬ ಗಾದೆಯನ್ನು ಇಲ್ಲಿ ಹೇಳುವವರಿದ್ದಾರಾದರೂ, ನೆಲವು ನಿಜವಾಗಿಯೂ ಡೊಂಕಾಗಿರುವ ನಾಡಿನಲ್ಲಿ ಪಂಡಿತನ ವಾದವನ್ನು ಪೂರ್ತಿ ತಳ್ಳಿಹಾಕಲಾಗದು. ಕಾರು ಲಾರಿಗಳ ಚಕ್ರ ಹಾಯುವ ಜಾಡು ಮಾತ್ರ ಗುಡಿಸಿದಂತಿದ್ದು, ಆ ಜಾಡುಗಳ ನಡುವೆಯೂ ತಿರುವಿನ ಅಂಚುಗಳಲ್ಲಿಯೂ ಮರಳು, ಸಣ್ಣ ಜಲ್ಲಿ ಶೇಖರವಾಗುತ್ತವೆ. ಟ್ಯಾಂಕ್ ತುಂಬಿದ ಲಾರಿ ತಿರುಗುವಾಗ ಡೀಸೆಲ್ ತುಳುಕುವುದೂ, ಮಳೆಗಾಲದಲ್ಲಿ ಘಾಟಿಯ ರಸ್ತೆಯಂಚಿಗೆ ಪಾಚಿ ಹಿಡಿಯುವುದೂ ನಿಜವೇ. ಆದರೆ ಅದೇ ಮರಳಿನ ಮೇಲೆ ಅದೇ ಬೆಳಿಗ್ಗೆ ಹಾಲಿನ ಕ್ಯಾನು ಕಟ್ಟಿಕೊಂಡ ಮೊಪೆಡ್ಡುಗಳು, ಮೂವರನ್ನು ಕೂರಿಸಿಕೊಂಡ ಸ್ಕೂಟರುಗಳು ಏನೂ ಆಗದಂತೆ ಹಾದುಹೋಗಿರುತ್ತವೆ ಎಂಬ ಸಾಕ್ಷ್ಯವನ್ನು ಪಂಡಿತನ ನ್ಯಾಯಾಲಯವು ಸ್ವೀಕರಿಸುವುದಿಲ್ಲ.

ಎರಡನೆಯದು ಅಧ್ಯಯನದ ಘಟ್ಟ. ಗಾಯಕ್ಕೆ ಹಕ್ಕಳೆ ಕಟ್ಟುವ ವೇಳೆಗೆ ಪಂಡಿತನು ವಿಡಿಯೋಗಳನ್ನೂ ಪುಸ್ತಕಗಳನ್ನೂ ಅರೆದು ಕುಡಿದಿರುತ್ತಾನೆ, ಹಾಗೂ ಮನೆಯವರು ಕೆಲವು ಪಾರಿಭಾಷಿಕ ಪದಗಳನ್ನು ಊಟದ ಜೊತೆಗೆ ಸೇವಿಸಬೇಕಾಗುತ್ತದೆ. ಅವುಗಳಲ್ಲಿ ಮೊದಲನೆಯದು ‘ಲೋ ಸೈಡ್’. ಟಯರು ಹಿಡಿತ ಕಳೆದುಕೊಂಡು, ಬೈಕು ತಾನು ವಾಲಿದ ಕಡೆಗೇ ಮಲಗಿ ಜಾರಿ, ಸವಾರನೂ ಅದರ ಹಿಂದೆ ಜಾರಿಕೊಂಡು ಹೋಗುವುದಕ್ಕೆ ಈ ಹೆಸರು. ಇದಕ್ಕೆ ವ್ಯತಿರಿಕ್ತವಾದ ‘ಹೈ ಸೈಡ್’ನಲ್ಲಿ, ಜಾರಿದ ಹಿಂದಿನ ಚಕ್ರಕ್ಕೆ ಹಠಾತ್ತನೆ ಹಿಡಿತ ಸಿಕ್ಕಿ, ಬೈಕು ಸವಾರನನ್ನು ಎದುರು ಬದಿಗೆ ಎತ್ತಿ ಎಸೆಯುತ್ತದೆ, ಇದು ಹೆಚ್ಚು ಅಪಾಯಕರ. ಪಂಡಿತನಿಗೆ ಆದದ್ದು ಲೋ ಸೈಡ್ ಆದರೂ, ಹೈ ಸೈಡ್ ಆಗುವುದರಲ್ಲಿದ್ದದ್ದನ್ನು ತಾನು ಸಮಯಸ್ಫೂರ್ತಿಯಿಂದ ತಪ್ಪಿಸಿದೆನೆಂದು ಆತನು ಸಾಧಿಸುತ್ತಾನೆ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗದಿರುವುದಕ್ಕೆ ಶಾಸ್ತ್ರದ ಆಧಾರ ದೊರೆಯುವುದು ಹೀಗೆ.

ಎರಡನೆಯ ಪದ ‘ಕೌಂಟರ್ ಸ್ಟೀರಿಂಗ್’. ಚಲಿಸುತ್ತಿರುವ ಬೈಕನ್ನು ಎಡಕ್ಕೆ ತಿರುಗಿಸಬೇಕಾದರೆ ಹ್ಯಾಂಡಲ್ಲಿನ ಎಡತುದಿಯನ್ನು ಮುಂದಕ್ಕೆ ಒತ್ತಬೇಕು. ಆಗ ಮುಂದಿನ ಚಕ್ರವು ಕ್ಷಣಕಾಲ ಬಲಕ್ಕೆ ಹೊರಳಿ, ಬೈಕು ಎಡಕ್ಕೆ ವಾಲಿ, ಎಡಕ್ಕೇ ತಿರುಗುತ್ತದೆ. ವಿಮಾನ ಹಾರಿಸುವ ಮೊದಲು ಸೈಕಲ್ ಅಂಗಡಿ ನಡೆಸುತ್ತಿದ್ದ ವಿಲ್ಬರ್ ರೈಟ್ ಇದನ್ನು ಗಮನಿಸಿದ್ದನಲ್ಲದೆ, ಸೈಕಲ್ ಸವಾರರೆಲ್ಲರೂ ಹೀಗೆಯೇ ಮಾಡುತ್ತಿದ್ದರೂ ಅದು ಅವರಿಗೇ ಗೊತ್ತಿಲ್ಲವೆಂಬುದನ್ನೂ ಕಂಡುಕೊಂಡಿದ್ದ. ಈ ಅಜ್ಞಾನವನ್ನು ನೀಗಿಸುವ ಹೊಣೆಯನ್ನು ಪಂಡಿತನು ಸ್ವತಃ ಹೊತ್ತುಕೊಂಡು, ಹತ್ತು ವರ್ಷಗಳಿಂದ ಒಮ್ಮೆಯೂ ಬೀಳದೆ ಸ್ಕೂಟರ್ ಓಡಿಸುತ್ತಿರುವ ಹೆಂಡತಿಗೆ ಪಾಠ ಆರಂಭಿಸುತ್ತಾನೆ. ಮೈಸೂರಿನ ಮಾವನವರಿಗೂ ಇದರಿಂದ ವಿನಾಯಿತಿಯಿಲ್ಲ. 1961ರಿಂದ ಆ ಊರಿನಲ್ಲೇ ತಯಾರಾಗುತ್ತಿದ್ದ ಜಾವಾ ಬೈಕಿನಲ್ಲಿ ಯೌವನ ಕಳೆದ ಅವರು, ಅಳಿಯನ ಉಪನ್ಯಾಸವನ್ನು ಕಾಫಿ ಆರುವವರೆಗೆ ಕೇಳಿ, “ನಮಗೆ ಇದೆಲ್ಲ ಗೊತ್ತಿರಲಿಲ್ಲ ಅಳಿಯಂದ್ರೇ. ಆ ಗಾಡೀಲಿ ಬ್ರೇಕು ಸರಿಯಾಗಿ ಹಿಡೀತಿರಲಿಲ್ಲ, ಅದಕ್ಕೇ ತಿರುವು ಬರೋ ಮುಂಚೇನೇ ನಿಧಾನ ಮಾಡ್ಕೋತಿದ್ವಿ” ಎಂದಷ್ಟೇ ಹೇಳುತ್ತಾರೆ.

ಮಾವನವರ ಈ ಒಂದು ವಾಕ್ಯದಲ್ಲಿ ಶಾಸ್ತ್ರದ ಬಹುಭಾಗ ಅಡಗಿದೆ. ಟಯರು ನೆಲವನ್ನು ಮುಟ್ಟುವ ಜಾಗವು ಅಂಗೈಯಷ್ಟೂ ಅಗಲವಿರುವುದಿಲ್ಲ. ಅಷ್ಟರಿಂದ ದೊರೆಯುವ ಹಿಡಿತವು ತಿಂಗಳ ಸಂಬಳದಂತೆ ಮಿತವಾದದ್ದಾಗಿದ್ದು, ತಿರುಗುವುದಕ್ಕೇ ಅದರ ಬಹುಪಾಲು ವೆಚ್ಚವಾಗುತ್ತಿರುವಾಗ ಬ್ರೇಕಿಗೆಂದು ಮತ್ತೆ ಕೈಹಾಕಿದರೆ ಚಕ್ರವು ದಿವಾಳಿ ಎದ್ದು ಜಾರುತ್ತದೆ. ಹೀಗಾಗಿಯೇ ಬ್ರೇಕಿನ ಕೆಲಸವನ್ನು ತಿರುವಿಗೆ ಮುನ್ನ, ಬೈಕು ನೆಟ್ಟಗಿರುವಾಗಲೇ ಮುಗಿಸಬೇಕೆಂದು ಹೊಸ ಸವಾರರಿಗೆ ಶಿಕ್ಷಕರು ಸಾಮಾನ್ಯವಾಗಿ ಹೇಳುತ್ತಾರೆ. 1980ರಲ್ಲಿ ಕ್ಯಾಲಿಫೋರ್ನಿಯಾ ಸೂಪರ್‌ಬೈಕ್ ಸ್ಕೂಲ್ ಆರಂಭಿಸಿದ ಅಮೆರಿಕದ ಕೀತ್ ಕೋಡ್, ಗಾಬರಿಯಾದ ಸವಾರನ ದೇಹವು ತಾನಾಗಿ ಮಾಡುವ ತಪ್ಪುಗಳಿಗೆ ‘ಸರ್ವೈವಲ್ ರಿಯಾಕ್ಷನ್’ ಎಂದು ಹೆಸರಿಟ್ಟರು. ಜೀವ ಉಳಿಸಿಕೊಳ್ಳುವ ಸಹಜ ಪ್ರವೃತ್ತಿಯಿಂದ ಆಕ್ಸಿಲರೇಟರನ್ನು ತಟ್ಟನೆ ಬಿಡುವುದು, ತೋಳು ಬಿಗಿಯುವುದು, ದೃಷ್ಟಿಯನ್ನು ಅಪಾಯದ ಮೇಲೆಯೇ ನೆಡುವುದು ಇವುಗಳಲ್ಲಿ ಮುಖ್ಯವಾದವು. ಕೊನೆಯದಕ್ಕೆ ‘ಟಾರ್ಗೆಟ್ ಫಿಕ್ಸೇಷನ್’ ಎಂಬ ಇನ್ನೊಂದು ಹೆಸರೂ ಇದ್ದು, ಕಣ್ಣು ಎಲ್ಲಿ ನೆಟ್ಟಿದೆಯೋ ಬೈಕು ಅಲ್ಲಿಗೇ ಹೋಗುತ್ತದೆಂಬುದು ಅದರ ತಾತ್ಪರ್ಯ. ಬೇಲಿಗೆ ಗುದ್ದಬಾರದೆಂದು ಬೇಲಿಯನ್ನೇ ದಿಟ್ಟಿಸಿದವನು ಬೇಲಿಯನ್ನು ತಲುಪುವುದಕ್ಕೆ ಕಾರಣ ಇದು.

ಮೂರನೆಯದು ಸಲಕರಣೆಗಳ ಘಟ್ಟ. ಜಾಕೆಟ್, ಮಂಡಿಗವಚ, ಗ್ಲೌಸು, ಬೂಟುಗಳೆಲ್ಲ ಕೊರಿಯರ್ ಮೂಲಕ ಮನೆ ತುಂಬುತ್ತವೆ. ಹಳೆಯ ಬೈಕನ್ನು ಕೊಟ್ಟು ಎಬಿಎಸ್ ಇರುವ ಹೊಸದನ್ನು ಕೊಳ್ಳುವ ಮಾತೂ ಮೆಲ್ಲಗೆ ಹೊರಬೀಳುತ್ತದೆ. ಎಬಿಎಸ್ ಎಂದರೆ ಬ್ರೇಕನ್ನು ಜೋರಾಗಿ ಹಿಡಿದಾಗ ಚಕ್ರವು ಪೂರ್ತಿ ನಿಂತು ಜಾರದಂತೆ ನೋಡಿಕೊಳ್ಳುವ ವ್ಯವಸ್ಥೆ. 125 ಸಿಸಿ ಮೀರಿದ ಹೊಸ ಬೈಕುಗಳಿಗೆಲ್ಲ 2019ರ ಏಪ್ರಿಲ್‌ನಿಂದ ಇದು ಭಾರತದಲ್ಲಿ ಕಡ್ಡಾಯವಾಗಿದೆ. ಆದರೆ ಸಾಮಾನ್ಯ ಎಬಿಎಸ್ ಬೈಕು ನೆಟ್ಟಗಿರುವಾಗಿನ ಬ್ರೇಕಿಗಾಗಿ ರೂಪಿಸಿದ್ದೇ ಹೊರತು ವಾಲಿದ ಬೈಕನ್ನು ಕಾಯಲು ರೂಪಿಸಿದ್ದಲ್ಲ. ವಾಲಿಕೆಯನ್ನೂ ಅಳೆದು ಕೆಲಸ ಮಾಡುವ ಬಗೆಯು ಬಹುತೇಕ ದುಬಾರಿ ಬೈಕುಗಳಲ್ಲಷ್ಟೇ ಇದೆ. ಇದನ್ನು ತಿಳಿದ ಪಂಡಿತನು ವೇಗ ಕಡಿಮೆ ಮಾಡುವ ಬದಲು ಬಜೆಟ್ ಹೆಚ್ಚಿಸಿಕೊಳ್ಳುತ್ತಾನೆ. ಇಷ್ಟೆಲ್ಲ ಕೊಂಡವನು ಬದಲಾಯಿಸದೆ ಉಳಿಸಿಕೊಳ್ಳುವ ವಸ್ತು ಒಂದೇ, ಹೆಲ್ಮೆಟ್. ಅದರ ಮೇಲಿನ ಗೀರುಗಳು ಬಂದವರಿಗೆಲ್ಲ ತೋರಿಸಬೇಕಾದ ಪ್ರಶಸ್ತಿಪತ್ರವಾದ್ದರಿಂದ ಅದು ಶೋಕೇಸಿನ ಪಕ್ಕದಲ್ಲಿ ನೇತಾಡುತ್ತಿದ್ದು, ಮುಂದಿನ ಭಾನುವಾರ ಮತ್ತೆ ತಲೆಗೇರುತ್ತದೆ. ಹೆಲ್ಮೆಟ್ಟಿನೊಳಗಿನ ಥರ್ಮೋಕೋಲ್ ಪದರವು ಪೆಟ್ಟನ್ನು ಹೀರಿಕೊಳ್ಳುವಾಗ ತಾನೇ ನಲುಗಿ, ಮತ್ತೆ ಮೊದಲಿನ ಸ್ಥಿತಿಗೆ ಬಾರದು. ಒಮ್ಮೆ ಜೋರಾಗಿ ನೆಲಕ್ಕೆ ಬಡಿದ ಹೆಲ್ಮೆಟ್ ಹೊರಗಿನಿಂದ ಎಷ್ಟೇ ಗಟ್ಟಿಯಾಗಿ ಕಂಡರೂ ನಂಬುವಂಥದ್ದಲ್ಲ.

ಪಂಡಿತನ ಪಾಂಡಿತ್ಯವು ನಿಜವಾಗಿ ಪರೀಕ್ಷೆಗೊಳಗಾಗುವುದು ಮೆಕ್ಯಾನಿಕ್ಕಿನ ಅಂಗಡಿಯಲ್ಲಿ. ಮಣೆಯ ಮೇಲೆ ಕುಕ್ಕರಗಾಲಿನಲ್ಲಿ ಕುಳಿತ ಮೆಕ್ಯಾನಿಕ್ಕು ಎಡಗಡೆಯ ಫುಟ್‌ರೆಸ್ಟ್ ಹಿಂದಕ್ಕೆ ಮಡಚಿರುವುದನ್ನೂ, ಕ್ಲಚ್ ಲಿವರಿನ ತುದಿ ಮುರಿದಿರುವುದನ್ನೂ, ಫೋರ್ಕು ನೆಟ್ಟಗೇ ಇರುವುದನ್ನೂ ನೋಡಿ, ಬೈಕು ಯಾವುದಕ್ಕೂ ಗುದ್ದದೆ ಸುಮ್ಮನೆ ಮಲಗಿ ಜಾರಿದೆಯೆಂದು ನಿರ್ಣಯಿಸುತ್ತಾನೆ. ಆಮೇಲೆ ಮುಂದಿನ ಟಯರಿನ ಮೇಲೆ ಹೆಬ್ಬೆರಳು ಎಳೆಯುತ್ತಾನೆ. ನಡುಭಾಗ ಸವೆದು ಚಪ್ಪಟೆಯಾಗಿದ್ದರೆ ಅಂಚುಗಳು ಶೋರೂಮಿನಿಂದ ಬಂದ ದಿನದಂತೆಯೇ ಇರುತ್ತವೆ. ಬೈಕು ಹೆಚ್ಚು ವಾಲಿದಾಗ ಮಾತ್ರ ನೆಲಕ್ಕೆ ತಾಗುವ ಈ ಅಂಚುಗಳು ಮಾಲೀಕನ ತಿರುವಿನ ಸಾಹಸಗಳ ಬಗ್ಗೆ ಬೇರೆಯೇ ಕಥೆ ಹೇಳುತ್ತವೆ. “ಅಂದ್ರೆ ಬೆಂಡಲ್ಲಿ ಫ್ರಂಟ್ ಬ್ರೇಕ್ ಹಿಡಿದ್ರಿ, ಅಲ್ವಾ ಸಾರ್?” ಎಂದು ಆತನು ತಲೆಯೆತ್ತದೆಯೇ ಕೇಳಿದಾಗ ಪಂಡಿತನಿಗೆ ತಟ್ಟನೆ ಫೋನು ಬರುತ್ತದೆ.

ವೇಗದ ವಿಷಯದಲ್ಲಿ ಪಂಡಿತನ ಹೇಳಿಕೆಗಳು ಕೇಳುಗನನ್ನು ಅವಲಂಬಿಸಿ ಬದಲಾಗುತ್ತವೆಂಬುದನ್ನು ಇಲ್ಲಿ ಗಮನಿಸಬೇಕು. ತಾಯಿಗೆ ಹೇಳುವಾಗ ಅದು ಗಂಟೆಗೆ 20 ಕಿಲೋಮೀಟರ್, ಹೆಂಡತಿಗೆ 30, ಮೆಕ್ಯಾನಿಕ್ಕಿಗೆ 40, ಸ್ನೇಹಿತರಿಗೆ 80. ವಿಮೆಯ ಅರ್ಜಿಯಲ್ಲಿ ವೇಗದ ಬದಲು ನಾಯಿಯ ಪ್ರಸ್ತಾಪವಿರುತ್ತದೆ. ಈ ಅಂಕಿಗಳ ನಡುವಿನ ಅಂತರವು ತೋರುವಷ್ಟು ನಿರಪಾಯಕಾರಿಯಲ್ಲ. ತಿರುಗಲು ಬೇಕಾಗುವ ಹಿಡಿತವು ವೇಗದ ವರ್ಗಕ್ಕೆ ಅನುಗುಣವಾಗಿ, ಅಂದರೆ ವೇಗವನ್ನು ವೇಗದಿಂದಲೇ ಗುಣಿಸಿದ ಲೆಕ್ಕದಲ್ಲಿ, ಏರುತ್ತದೆ. 20 ಮೀಟರ್ ತ್ರಿಜ್ಯದ ತಿರುವೊಂದನ್ನು 30ರ ವೇಗದಲ್ಲಿ ದಾಟುವ ಬೈಕು ಸುಮಾರು 20 ಡಿಗ್ರಿ ವಾಲಿದರೆ ಸಾಕಾಗಿದ್ದರೆ, 40ರಲ್ಲಿ ಅದು ಸುಮಾರು 32 ಡಿಗ್ರಿ ವಾಲಬೇಕು, ಮತ್ತು ಟಯರು ಮುಕ್ಕಾಲು ಪಾಲಿಗಿಂತಲೂ ಹೆಚ್ಚಿನ ಹಿಡಿತವನ್ನು ಹೆಚ್ಚುವರಿಯಾಗಿ ಒದಗಿಸಬೇಕು. ಒಣಗಿದ ಒಳ್ಳೆಯ ಡಾಂಬರು ಇದನ್ನು ಕೊಟ್ಟೀತು, ಮರಳು ಕೊಡಲಾರದು. ಹೆಂಡತಿಗೆ ಹೇಳಿದ ವೇಗಕ್ಕೂ ಮೆಕ್ಯಾನಿಕ್ಕಿಗೆ ಹೇಳಿದ ವೇಗಕ್ಕೂ ನಡುವೆ ಇರುವ ಹತ್ತು ಕಿಲೋಮೀಟರುಗಳಲ್ಲಿಯೇ ಮೊಣಕೈಯ ಚರ್ಮ ಹೋಗಿರುತ್ತದೆ.

ಇಷ್ಟಾದರೂ ಈ ವರ್ಗವು ಕೇವಲ ನಗೆಪಾಟಲಿಗೆ ಈಡಾಗತಕ್ಕದ್ದಲ್ಲ. ಬಿದ್ದವರಲ್ಲಿ ಹೆಚ್ಚಿನವರು ಏನನ್ನೂ ಓದದೆ, ಹಣೆಬರಹವನ್ನು ದೂರಿ ಮತ್ತೆ ಹಾಗೆಯೇ ಓಡಿಸುವಾಗ, ಪಂಡಿತನು ಕಾರಣವನ್ನಾದರೂ ಹುಡುಕಿಕೊಂಡು ಹೊರಟಿರುತ್ತಾನೆ. ಸುತ್ತಿ ಬಳಸಿಯಾದರೂ ಸರಿಯಾದ ಪುಸ್ತಕದ ಸರಿಯಾದ ಪುಟವನ್ನು ಮುಟ್ಟಿರುತ್ತಾನೆ. ಆತನಿಗೆ ತಿಳಿಯದ ಸಂಗತಿ ಯಾವುದೂ ಉಳಿದಿಲ್ಲ, ಒಪ್ಪಿಕೊಳ್ಳದ ಸಂಗತಿ ಮಾತ್ರ ಒಂದಿದೆ. ವೇಗ ಹೆಚ್ಚಾಗಿತ್ತು, ಬ್ರೇಕು ತಡವಾಗಿತ್ತು ಎಂದು ಒಪ್ಪಿಕೊಂಡ ದಿನ ಆತನ ಪಾಂಡಿತ್ಯ ಮುಗಿದು ಕಲಿಕೆ ಆರಂಭವಾಗುತ್ತದೆ.

ಆದಕಾರಣ ಈ ಜಾತಿಗೆ ಸೇರಿದ ಓದುಗರಲ್ಲಿ ವಿನಂತಿಯೇನೆಂದರೆ, ಗಾಯ ಮಾಯ್ದ ಮೇಲೆ ಘಾಟಿಗೆ ಓಡುವ ಮೊದಲು ಯಾವುದಾದರೂ ಖಾಲಿ ಮೈದಾನದಲ್ಲಿ, ಕಡಿಮೆ ವೇಗದಲ್ಲಿ, ನೆಟ್ಟಗೆ ಹೋಗುತ್ತ ಬ್ರೇಕು ಮುಗಿಸಿ ಆಮೇಲೆ ತಿರುಗುವುದನ್ನೂ, ಬೇಲಿಯ ಬದಲು ದಾರಿ ಹೋಗುವ ಕಡೆ ನೋಡುವುದನ್ನೂ ಅಭ್ಯಾಸ ಮಾಡಬೇಕು. ಜಾಕೆಟ್ ಕೊಳ್ಳುವ ಮುಂಚೆ ಬಿದ್ದ ಹೆಲ್ಮೆಟ್ಟನ್ನು ಬಿಸಾಡಿ ಐಎಸ್‌ಐ ಗುರುತಿನ ಹೊಸದೊಂದನ್ನು ಕೊಳ್ಳಬೇಕು. ಮತ್ತು ಎಷ್ಟು ವೇಗದಲ್ಲಿದ್ದಿರಿ ಎಂದು ಯಾರೇ ಕೇಳಿದರೂ ಎಲ್ಲರಿಗೂ ಒಂದೇ ಅಂಕಿಯನ್ನು ಹೇಳಬೇಕು.