ಕಿವಿ ಸೋರಿದರೆ ಸೊರಗುವ ಮೂಳೆ

ಏನಕ್ಕಾ, ಮೊಮ್ಮಗನ ಕಿವಿ ಇನ್ನೂ ಸೋರ್ತಾನೇ ಇದೆಯಾ? ಬೆಚ್ಚಗೆ ಎಣ್ಣೆ ಬಿಡೋದು ಬೇಡ. ಕಿವಿಯ ತಮಟೆ ತೂತಾಗಿದ್ದರೆ ಎಣ್ಣೆ ನೇರ ಮಧ್ಯಕಿವಿಗೇ ಇಳಿಯುತ್ತೆ.

ಅಲ್ಲಿರೋದು ಮೂರು ಪುಟ್ಟ ಮೂಳೆ: ಸುತ್ತಿಗೆ, ಅಡಿಗಲ್ಲು, ರಿಕಾಪು. ರಿಕಾಪು ಬರೀ 3 ಮಿಲಿಮೀಟರ್ ಚಿಲ್ಲರೆ, ಮೈಯಲ್ಲೇ ಅತಿ ಚಿಕ್ಕ ಮೂಳೆ. ಚಿಕ್ಕದಾದರೇನು, ಜೀವ ಇರೋ ಮೂಳೆ ತಾನೇ? ರಕ್ತ ಬೇಕೇ ಬೇಕು. ಆ ರಕ್ತ ಎಲ್ಲೆಲ್ಲಿಂದ ಬರುತ್ತೆ ಅಂತೀರಿ! ದವಡೆಯ ಅಪಧಮನಿಯ ಕವಲೊಂದು ಮುಂದಿನಿಂದ, ಕಿವಿಯ ಹಿಂಭಾಗದ್ದು ಮುಖದ ನರದ ಜೊತೆಗೇ ಹಿಂದಿನಿಂದ, ಗಂಟಲ ಪಕ್ಕದ್ದು ಕೆಳಗಿನಿಂದ, ಮಿದುಳಿನ ಹೊದಿಕೆಗೆ ಹೋಗೋದರದ್ದು ಮೇಲಿನಿಂದ. ಮಿದುಳಿಗೆ ರಕ್ತ ಒಯ್ಯುವ ಒಳ ಕೆರೋಟಿಡ್ ಕೂಡ ಮೂಳೆಯ ಗೋಡೆ ತೂರಿ ಒಂದು ಎಳೆ ಕಳಿಸುತ್ತೆ. ಎಲ್ಲ ಸೇರಿ ಮಧ್ಯಕಿವಿಯ ಒಳಪೊರೆಯಲ್ಲಿ ಬಲೆ ಹೆಣೆಯುತ್ತವೆ.

ಇಷ್ಟೆಲ್ಲ ಇದ್ದರೂ ಅಡಿಗಲ್ಲಿನ ಉದ್ದನೆಯ ಕಾಲಿದೆಯಲ್ಲ, ರಿಕಾಪಿಗೆ ತಾಗೋ ಅದರ ತುದಿ, ಅದು ಮಾತ್ರ ನಾಲೆಯ ಕೊನೆಯಲ್ಲಿರೋ ಗದ್ದೆ. ಮೇಲಿಂದ ಇಳಿದು ಬಂದಷ್ಟೇ ರಕ್ತ. ಕೀವು ನಿಂತು ಒಳಪೊರೆ ಊದಿಕೊಂಡರೆ ಆ ಸಣ್ಣ ನಾಳಗಳು ಕಟ್ಟಿಕೊಳ್ಳುತ್ತವೆ. ವರ್ಷಗಟ್ಟಲೆ ಸೋರಿದ ಕಿವಿಗಳಲ್ಲಿ ಮೊದಲು ಸವೆಯೋದು ಹೆಚ್ಚಾಗಿ ಅದೇ ತುದಿ. ಅದು ಸವೆದು ಕೊಂಡಿ ಕಳಚಿತು ಅಂದರೆ, ಒಳಕಿವಿ ಗಟ್ಟಿಯಾಗಿದ್ದರೂ ಶಬ್ದ ಅಲ್ಲಿಗೆ ಸರಿಯಾಗಿ ಮುಟ್ಟೋದಿಲ್ಲ.

ಇನ್ನೊಂದು ವಿಸ್ಮಯ ಕೇಳಿ. ರಿಕಾಪಿನ ನಡುವೆ ತೂತು ಇರೋದು ಯಾಕೆ ಗೊತ್ತಾ? ಗರ್ಭದಲ್ಲಿ ಒಂದು ಅಪಧಮನಿ ಹರೀತಿರುತ್ತೆ, ಅದರ ಸುತ್ತಲೇ ಈ ಮೂಳೆ ರೂಪುಗೊಳ್ಳುತ್ತೆ. ಮೂರನೇ ತಿಂಗಳ ಹೊತ್ತಿಗೆ ಅಪಧಮನಿ ಮಾಯ, ತೂತು ಹಾಗೇ. ಇಲಿಗಳಲ್ಲಿ ಅದು ಜೀವಮಾನವಿಡೀ ಹರಿಯುತ್ತೆ. ತೀರಾ ಅಪರೂಪಕ್ಕೆ ಮನುಷ್ಯರಲ್ಲೂ ಉಳಿದುಬಿಡುತ್ತೆ. ಅಂಥವರಲ್ಲಿ ಕೆಲವರಿಗೆ ತಮ್ಮ ನಾಡಿಮಿಡಿತ ತಮ್ಮ ಕಿವಿಯಲ್ಲೇ ಕೇಳಿಸುತ್ತೆ. ರಿಕಾಪಿನ ಆಪರೇಷನ್ ಮಾಡುವ ಡಾಕ್ಟರು ಅದಕ್ಕೇ ಅಲ್ಲಿ ಅಷ್ಟು ಎಚ್ಚರ ವಹಿಸೋದು.

ಹುಡುಗನಿಗೆ ಇನ್ನೂ ಕಾಲ ಮಿಂಚಿಲ್ಲ. ಸ್ನಾನ ಮಾಡಿಸುವಾಗ ಹತ್ತಿಗೆ ವ್ಯಾಸಲೀನ್ ಸವರಿ ಕಿವಿಗೆ ಇಡಿ, ನೀರು ಹೋಗಬಾರದು. ನಾಳೆಯೇ ಕಿವಿ-ಮೂಗು-ಗಂಟಲು ಡಾಕ್ಟರಿಗೆ ತೋರಿಸಿ, ಹಾಗೇ ಕೇಳಿಸುವ ಪರೀಕ್ಷೆಯನ್ನೂ ಮಾಡಿಸಿ. ತಮಟೆಗೆ ತೇಪೆ ಹಾಕೋದು, ಮೂಳೆಯ ಕೊಂಡಿ ಮತ್ತೆ ಜೋಡಿಸೋದು ಈಗ ಸಾಧ್ಯ. ಆದರೆ ಸವೆಯೋಕೆ ಮುಂಚೆ ಸೋರೋದು ನಿಲ್ಲಿಸೋದೇ ಮೇಲಲ್ವೇನಕ್ಕಾ?