ಏಸಿ, ಅಳಿಯ ಮತ್ತು ಅಗಳಿ: ಚಚಡಿ ಸೀಮೆಯ ಹವಾನಿಯಂತ್ರಣ ಕುರಿತ ಮಹಾಪ್ರಬಂಧವೊಂದರ ಸಾರಸಂಗ್ರಹ

ಪೀಠಿಕೆ

ಮನುಷ್ಯ ಏಸಿ ಯಾಕೆ ಹಚ್ಚುತ್ತಾನೆ? ಸೆಕೆ ಆಗುತ್ತದೆ, ಅದಕ್ಕೇ ಎಂದು ಉತ್ತರಿಸುವವರಿಗೆ ವಿದ್ವತ್ ಲೋಕದಲ್ಲಿ ಜಾಗವಿಲ್ಲ. ಒಂದೇ ವಾಕ್ಯದಲ್ಲಿ ಮುಗಿಯುವ ಉತ್ತರಕ್ಕೆ ಯಾವ ವಿಶ್ವವಿದ್ಯಾಲಯವೂ ಪಿಎಚ್.ಡಿ. ಕೊಡುವುದಿಲ್ಲ. ಆದ್ದರಿಂದ ಪ್ರಸ್ತುತ ಪ್ರಬಂಧವು ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ನಡುವಿನ ಸೀಮೆಯನ್ನು, ಅದರಲ್ಲೂ ಚಚಡಿಯನ್ನು ನಡುಗಂಬವಾಗಿಟ್ಟುಕೊಂಡು, ಮನೆಯ ಏಸಿಗೂ ಹೊರಗಿನ ಹವೆಗೂ ಏನೇನೂ ಸಂಬಂಧವಿಲ್ಲವೆಂದು ಸಾಧಿಸಲು ಹೊರಟಿದೆ. ಸಾಧಿಸಿದ ಮೇಲೆ ಓದುಗರಿಗೆ ಸೆಕೆ ಕಡಿಮೆಯಾಗುತ್ತದೆಂಬ ಭರವಸೆಯನ್ನು ಮಾತ್ರ ಕೊಡಲಾಗುವುದಿಲ್ಲ.

ಪೂರ್ವಸೂರಿಗಳ ಸಮೀಕ್ಷೆ

ಹವೆ ಮತ್ತು ಮನುಷ್ಯಸ್ವಭಾವದ ನಂಟನ್ನು ಶಾಸ್ತ್ರವಾಗಿಸಲು ಹೊರಟವರಲ್ಲಿ ಯೇಲ್ ವಿಶ್ವವಿದ್ಯಾಲಯದ ಎಲ್ಸ್‌ವರ್ತ್ ಹಂಟಿಂಗ್ಟನ್ ಮುಖ್ಯರು. ತಂಪು ನಾಡಿನವರು ಚುರುಕು, ಬಿಸಿ ನಾಡಿನವರು ಜಡ ಎಂಬ ಅರ್ಥದಲ್ಲಿ 1915ರಲ್ಲಿ ದಪ್ಪ ಪುಸ್ತಕವನ್ನೇ ಬರೆದರು. ಇದಕ್ಕೆ ಕಿತ್ತೂರಿನವರು 91 ವರ್ಷ ಮುಂಚಿತವಾಗಿಯೇ ಉತ್ತರ ಕೊಟ್ಟಿದ್ದರು. 1824ರ ಅಕ್ಟೋಬರ್ 23ರಂದು ತಂಪು ನಾಡಿನ ಕಂಪನಿ ಸರ್ಕಾರದ ಥ್ಯಾಕರೆ ಸಾಹೇಬರು ಕಿತ್ತೂರು ಕೋಟೆಯ ಮುಂದೆ ಬಿದ್ದಾಗ ಕೋಟೆಯೊಳಗೆ ಏಸಿ ಇರಲಿಲ್ಲ. ಹಂಟಿಂಗ್ಟನ್ನರು ಈ ಆಕರವನ್ನು ಗಮನಿಸಿದಂತೆ ಕಾಣುವುದಿಲ್ಲ.

ಯಂತ್ರದ ಚರಿತ್ರೆ ಇನ್ನೂ ಬೋಧಪ್ರದ. 1902ರಲ್ಲಿ ವಿಲಿಸ್ ಕ್ಯಾರಿಯರ್ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಹವಾನಿಯಂತ್ರಣದ ವ್ಯವಸ್ಥೆ ರೂಪಿಸಿದ್ದು ಒಂದು ಮುದ್ರಣಾಲಯಕ್ಕಾಗಿ. ತೇವಕ್ಕೆ ಕಾಗದ ಉಬ್ಬಿ, ಒಂದರ ಮೇಲೊಂದು ಬೀಳಬೇಕಾದ ಬಣ್ಣಗಳು ಅತ್ತಿತ್ತ ಸರಿಯುತ್ತಿದ್ದವು. 1906ರಲ್ಲಿ ಸ್ಟುವರ್ಟ್ ಕ್ರೇಮರ್ ಅಮೆರಿಕದ ದಕ್ಷಿಣದ ಹತ್ತಿ ಗಿರಣಿಗಳಲ್ಲಿ ಗಾಳಿಯ ತೇವ ಹದಗೊಳಿಸಿದ್ದು ನೂಲು ಹರಿಯಬಾರದೆಂದು. ಅಂದರೆ ಮೊದಲ ಪಂಕ್ತಿಯಲ್ಲಿ ಕಾಗದ ಕೂತಿತು, ಎರಡನೆಯದರಲ್ಲಿ ನೂಲು. ಮನುಷ್ಯನ ಎಲೆ ಹಾಕಿದ್ದು ಬಹಳ ತಡವಾಗಿ. ಬೈಲಹೊಂಗಲ ಪೇಟೆಗೆ ಹತ್ತಿ ತಂದು ಬಿಸಿಲಲ್ಲಿ ಗಾಡಿಯ ಪಕ್ಕ ನಿಂತ ರೈತನಿಗೆ ಇದನ್ನು ವಿವರಿಸಿದಾಗ ಅವನೇನೂ ಬೆರಗಾಗಲಿಲ್ಲ. "ಅರಳಿಗಿ ನೆರಳ, ನಮ್ಗ ಬಿಸಲ. ಮೊದಲಿಂದೂ ಹಂಗ ಐತಲ್ರೀ" ಎಂದ. ಈ ಮಾತಿನಲ್ಲಿ ಪ್ರಬಂಧದ ಇಡೀ ಸಿದ್ಧಾಂತ ಅಡಗಿದೆಯಾದರೂ, ಅಧ್ಯಾಯಗಳು ಇನ್ನೂ ಬಾಕಿ ಇರುವುದರಿಂದ ಅದನ್ನು ಸದ್ಯಕ್ಕೆ ಅಲಕ್ಷಿಸಲಾಗಿದೆ.

ದೇಶಾಂತರದ ಸಾಕ್ಷ್ಯಗಳೂ ಇದಕ್ಕೆ ಪೂರಕ. ಸಿಂಗಾಪುರದ ಲೀ ಕ್ವಾನ್ ಯೂ ಪ್ರಧಾನಿಯಾದ ಹೊಸತರಲ್ಲಿ ಏಸಿ ಕೂರಿಸಿದ್ದು ಸರ್ಕಾರಿ ಕಚೇರಿಗಳಿಗೆ. ಜಪಾನಿನಲ್ಲಿ 2005ರಿಂದ ಕಚೇರಿಗಳ ಏಸಿಯನ್ನು 28 ಡಿಗ್ರಿಗಿಟ್ಟು, ಅದಕ್ಕೆ ಬದಲಾಗಿ ನೌಕರರ ಟೈ ಬಿಚ್ಚಿಸಿದರು. ಫ್ರಾನ್ಸಿನಲ್ಲಿ 2003ರ ಬಿಸಿಗಾಳಿಗೆ ಸುಮಾರು 15 ಸಾವಿರ ಜನ ಸತ್ತ ಮೇಲೂ, ಏಸಿ ಎಂದರೆ ಮೂಗು ಮುರಿಯುವವರು ಅಲ್ಲಿ ಸಾಕಷ್ಟಿದ್ದಾರೆ. ಅಮೆರಿಕದಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಮನೆಗಳಿಗೆ ಏಸಿ ಇದೆ. ಬಿಸಿಲು ಎಲ್ಲೆಡೆ ಒಂದೇ ಸಮ ಇಲ್ಲ. ಆದರೆ ಹವೆಯೊಂದೇ ಕಾರಣವಾಗಿದ್ದರೆ ಲೆಕ್ಕ ಹೀಗೆ ಅಡ್ಡಾದಿಡ್ಡಿ ಬರುತ್ತಿರಲಿಲ್ಲ.

ಸಂಶೋಧನಾ ವಿಧಾನ

ಮಾದರಿಯ ಆಯ್ಕೆಯಲ್ಲಿ ಅತ್ಯಾಧುನಿಕ ವಿಧಾನ ಅನುಸರಿಸಲಾಯಿತು: ಸಂಜೆ ಕಟ್ಟೆಯ ಮೇಲೆ ಯಾರು ಕೂತಿದ್ದರೋ ಅವರೇ ಮಾದರಿ. ಪ್ರಶ್ನಾವಳಿಯ ಮೊದಲ ಪ್ರಶ್ನೆ "ತಾವು ಏಸಿಯನ್ನು ಎಷ್ಟು ಡಿಗ್ರಿಗೆ ಇಡುತ್ತೀರಿ?" ಎಂಬುದು. ಬಂದ ಉತ್ತರ: "ನೀವು ಯಾರ ಪೈಕಿರೀ?" ಎರಡನೆಯ ಪ್ರಶ್ನೆ "ತಿಂಗಳಿಗೆ ಎಷ್ಟು ಯೂನಿಟ್ ಸುಡುತ್ತದೆ?" ಉತ್ತರ: "ಹೆಸ್ಕಾಂದವರೇನ್ರೀ?" ಆಮೇಲೆ ಕಟ್ಟೆ ಖಾಲಿಯಾಯಿತು. ಪ್ರಶ್ನಾವಳಿಯನ್ನು ಮಡಚಿ ಕಿಸೆಯಲ್ಲಿಟ್ಟ ಮೇಲೆಯೇ ಮಾಹಿತಿ ಹರಿದು ಬಂತೆಂಬುದನ್ನು ಸಂಶೋಧನಾ ವಿಧಾನದ ಪಠ್ಯಪುಸ್ತಕ ಬರೆಯುವವರು ಗಮನಿಸಬೇಕು.

ಅಧ್ಯಾಯ 1: ಬಿಸಿಲಿನ ಆಡಳಿತ ವಿಭಾಗ

ಮಲಪ್ರಭೆ ಹುಟ್ಟುವುದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ. ಅಲ್ಲಿಯ ಮಳೆಗಾಲದಲ್ಲಿ ಹಾಸಿಗೆ ಒಣಗಿಸುವುದೇ ದೊಡ್ಡ ಕೆಲಸ. ಅಲ್ಲಿಂದ ಅದು ಎಂ.ಕೆ. ಹುಬ್ಬಳ್ಳಿ ದಾಟಿ, ಮುನವಳ್ಳಿ ಹಾದು, ನವಿಲುತೀರ್ಥದ ರೇಣುಕಾಸಾಗರದಲ್ಲಿ ತಂಗಿ, ರಾಮದುರ್ಗದತ್ತ ಇಳಿಯುವ ಹೊತ್ತಿಗೆ ದಂಡೆಯ ಜನ ಮೋಡ ಕಂಡರೆ ಕೈಮುಗಿಯುವವರಾಗಿರುತ್ತಾರೆ. ಒಂದೇ ಜಿಲ್ಲೆ, ಒಂದೇ ಹೊಳೆ, ಹವೆ ಮಾತ್ರ ಬೇರೆ ಬೇರೆ. ಕಿತ್ತೂರಿನವರು ಮಲೆನಾಡಿನ ಗಾಳಿಯ ಕೊನೆಯ ಬೀಸು ತಮ್ಮದೆನ್ನುತ್ತಾರೆ. ರಾಮದುರ್ಗದವರು ಆ ಮಾತಿಗೆ ಹೋಗುವುದಿಲ್ಲ, ಟವೆಲ್ಲು ತೋಯಿಸಿ ತಲೆಗೆ ಹಾಕಿಕೊಳ್ಳುತ್ತಾರೆ.

ಸರ್ಕಾರ ಈ ತೊಡಕನ್ನು ಬಹಳ ಸರಳವಾಗಿ ಬಿಡಿಸಿದೆ. ಏಪ್ರಿಲ್–ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಜಿಲ್ಲೆಗಳಲ್ಲೂ ಬೆಳಗಾವಿ ವಿಭಾಗದ ವಿಜಯಪುರ, ಬಾಗಲಕೋಟೆಗಳಲ್ಲೂ ಕಚೇರಿ ವೇಳೆ ಬೆಳಗ್ಗೆ 8ರಿಂದ ಮಧ್ಯಾಹ್ನ 1.30. ಬೆಳಗಾವಿ ಜಿಲ್ಲೆಗೆ ಆ ಸವಲತ್ತಿಲ್ಲ. ಇದರಿಂದ ಹೊರಡುವ ಶಾಸ್ತ್ರೀಯ ತೀರ್ಮಾನವೇನೆಂದರೆ, ಬಾದಾಮಿಯ ಕಡೆಯಿಂದ ಬರುವ ಝಳ ರಾಮದುರ್ಗ ತಾಲ್ಲೂಕಿನ ಗಡಿಕಲ್ಲಿನ ಹತ್ತಿರ ನಿಂತು, ಜಿಲ್ಲೆಯ ಹೆಸರು ಓದಿ, ಹಿಂದಕ್ಕೆ ತಿರುಗುತ್ತದೆ. ಸವದತ್ತಿ, ಚಚಡಿಗಳಲ್ಲಿ ಮೇ ತಿಂಗಳಲ್ಲಿ ಬೆವರುವವರು ಆಡಳಿತಾತ್ಮಕವಾಗಿ ತಪ್ಪು ಮಾಡುತ್ತಿದ್ದಾರೆ.

ಅಧ್ಯಾಯ 2: ಗೋಡೆ

ಚಚಡಿಯಲ್ಲಿ ದೇಸಾಯರ ವಾಡೆ ಇದೆ. ಇಂಥ ವಾಡೆಗಳ ಗೋಡೆಯ ದಪ್ಪವನ್ನು ಕಂಡ ಇಂದಿನ ಗುತ್ತಿಗೆದಾರ ಅದರಲ್ಲಿ ಒಂದು ರೂಮು ತೆಗೆಯಬಹುದಿತ್ತಲ್ಲ ಎಂದು ಹಳಹಳಿಸುತ್ತಾನೆ. ಊರಿನ ಮಾಳಿಗೆ ಮನೆಗಳಲ್ಲೂ ಇದೇ ತತ್ವ: ಕಂಬ, ತೊಲೆ, ಜಂತಿ, ಮೇಲೆ ಮಣ್ಣಿನ ಹೊದಿಕೆ, ಬೆಳಕಿಗೆ ಒಂದು ಕಿಂಡಿ. ಮುಂಜಾನೆಯ ಬಿಸಿಲು ದಪ್ಪ ಮಣ್ಣನ್ನು ದಾಟಿ ಒಳಗೆ ಬರಲು ತಾಸುಗಟ್ಟಲೆ ಹಿಡಿಯುತ್ತದೆ. ಅದು ಒಳಗೆ ಬಂದು ತಲುಪುವಷ್ಟರಲ್ಲಿ ಮನೆಮಂದಿ ಹಾಸಿಗೆ ಸುತ್ತಿಕೊಂಡು ಮಾಳಿಗೆ ಹತ್ತಿರುತ್ತಾರೆ. ಧಗೆ ಒಳಗೆ, ಜನ ಮೇಲೆ. ಭೇಟಿಯ ಪ್ರಶ್ನೆಯೇ ಇಲ್ಲ.

ನಂತರ ಆರ್‌ಸಿಸಿ ಸ್ಲ್ಯಾಬ್ ಬಂತು. ಸ್ಲ್ಯಾಬಿನ ಮನೆ ಎಂದರೆ ಹೆಣ್ಣು ಕೊಡುವವರು ಬೇಗ ಒಪ್ಪುತ್ತಾರೆ. ಹಗಲೆಲ್ಲ ಕಾದ ಆ ಸ್ಲ್ಯಾಬು ರಾತ್ರಿಯಿಡೀ ಕೆಳಗೆ ಕಾವು ಸುರಿಯುತ್ತದೆ. ಹೀಗೆ ಒಂದು ಪೀಳಿಗೆ ಸಾಲ ಮಾಡಿ ಧಗೆಯನ್ನು ಮನೆಯೊಳಗೆ ತಂದಿತು. ಮುಂದಿನ ಪೀಳಿಗೆ ಅದನ್ನು ಹೊರಗೆ ಹಾಕಲು ಇನ್ನೊಂದು ಸಾಲ ಮಾಡುತ್ತಿದೆ. ಅರ್ಥಶಾಸ್ತ್ರದಲ್ಲಿ ಇದಕ್ಕೆ ಬೆಳವಣಿಗೆ ಎನ್ನುತ್ತಾರೆ.

ನಡುವೆ ಕೂಲರ್ ಎಂಬ ಸಂಧಿಕಾಲದ ಯಂತ್ರವೊಂದಿದೆ. ಒಣಗಾಳಿ ತೇವದ ಹುಲ್ಲಿನ ಮೂಲಕ ಹಾಯುವಾಗ ನೀರು ಆರಿ, ಗಾಳಿ ತಂಪಾಗುತ್ತದೆ. ಗಾಳಿ ಮೊದಲೇ ತೊಯ್ದಿರುವ ಮಂಗಳೂರಿನಲ್ಲಿ ಈ ಆಟ ನಡೆಯದು. ಸವದತ್ತಿ–ರಾಮದುರ್ಗದ ಏಪ್ರಿಲ್ಲಿಗೆ ಹೇಳಿ ಮಾಡಿಸಿದ್ದು. ಆದರೆ ಕೂಲರಿಗೆ ಒಂದು ಷರತ್ತಿದೆ: ಕಿಟಕಿ, ಬಾಗಿಲು ತೆರೆದಿರಬೇಕು, ಇಲ್ಲದಿದ್ದರೆ ಒಳಗೆ ಉಸಿರುಗಟ್ಟುವಷ್ಟು ತೇವ ಕಟ್ಟುತ್ತದೆ. ಏಸಿಯ ಷರತ್ತು ಇದಕ್ಕೆ ತದ್ವಿರುದ್ಧ. ಇಲ್ಲಿಂದ ಪ್ರಬಂಧ ಭೌತವಿಜ್ಞಾನವನ್ನು ಬಿಟ್ಟು ಓಣಿಗೆ ಇಳಿಯುತ್ತದೆ.

ಅಧ್ಯಾಯ 3: ಅಗಳಿ

ಈ ಸೀಮೆಯಲ್ಲಿ ಹಗಲು ಹೊತ್ತು ಕದ ಹಾಕುವುದಕ್ಕೆ ಮೂರೇ ಕಾರಣಗಳನ್ನು ಸಮಾಜ ಒಪ್ಪುತ್ತದೆ: ಮನೆಯಲ್ಲಿ ಜಗಳ, ಮನೆಯಲ್ಲಿ ಜಡ್ಡು, ಮನೆಮಂದಿಯೆಲ್ಲ ಯಲ್ಲಮ್ಮನ ಗುಡ್ಡಕ್ಕೆ ಹೋಗಿದ್ದಾರೆ. ಏಸಿಗೆ ನಾಲ್ಕನೆಯ ಕಾರಣವಾಗಿ ಮಾನ್ಯತೆ ಇನ್ನೂ ಸಿಕ್ಕಿಲ್ಲ. ಕ್ಷೇತ್ರಕಾರ್ಯದಲ್ಲಿ ದಾಖಲಾದ ಒಂದು ಪ್ರಸಂಗ ಹೀಗಿದೆ. ಎದುರು ಮನೆಯ ಹಿರಿಯಾಕೆ ಹೊಸ್ತಿಲಲ್ಲಿ ನಿಂತು ಕದ ಬಡಿದರು.

"ಯಾಕವಾ, ಹಾಡಾಹಗಲ ಕದಾ ಹಾಕ್ಕೊಂಡೀರಿ? ಯಾರಿಗರ ಆರಾಮಿಲ್ಲೇನ?"

"ಏನಿಲ್ಲರೀ ಅತ್ತಿ, ಏಸಿ ಹಚ್ಚೇವಿ. ಬರ್ರಿ ಒಳಗ."

ಅತ್ತಿ ಒಳಗೆ ಬಂದರು. ಬಂದವರು ಕದ ಮುಚ್ಚಲಿಲ್ಲ, ಯಾಕೆಂದರೆ ಹಿಂದೆ ಮೊಮ್ಮಗ ಬರುತ್ತಿದ್ದ. ಮೊಮ್ಮಗನ ಹಿಂದೆ ಅವನ ಗೆಳೆಯರು. ಗೆಳೆಯರಲ್ಲೊಬ್ಬನ ತಾಯಿ ಅವನನ್ನು ಕರೆಯಲು ಬಂದು, ಹೊಸ್ತಿಲ ಮೇಲೆಯೇ ಒಂದು ಕಾಲು ಒಳಗೆ ಒಂದು ಕಾಲು ಹೊರಗೆ ಇಟ್ಟು ಮಾತಿಗೆ ನಿಂತಳು. ಪಡಸಾಲೆಯ ಗೋಡೆಯ ಮೇಲಿನ ಯಂತ್ರ 18 ಎಂದು ಹಸಿರು ಅಂಕಿ ತೋರಿಸುತ್ತ ಇಡೀ ಓಣಿಯನ್ನು ತಣ್ಣಗಾಗಿಸುವ ಹೊಣೆ ಹೊತ್ತಿತು. ಅದೇ ಹೊತ್ತಿಗೆ ಅದರ ಹೊರಗಿನ ಡಬ್ಬಿ ಪಕ್ಕದ ಮನೆಯ ಕಟ್ಟೆಯ ಮೇಲೆ ಕೂತ ಅಜ್ಜನ ಬೆನ್ನಿಗೆ ಬಿಸಿಗಾಳಿ ಊದುತ್ತಿತ್ತು. ಅಜ್ಜ ಜಾಗ ಬದಲಿಸಲಿಲ್ಲ. ಬದಲಿಸಿದರೆ ಜಾಗದ ಹಕ್ಕು ಹೋಗುತ್ತದೆ. "ನಿಮ್ಮ ತಂಪ ನಿಮ್ಗ ಇರ್ಲಿ, ನಿಮ್ಮ ಧಗಿ ನಮ್ಗ್ಯಾಕ?" ಎಂದು ಒಮ್ಮೆ ಕೇಳಿ ಸುಮ್ಮನಾದರು. ಜಾಗತಿಕ ತಾಪಮಾನದ ಕುರಿತ ಅಂತರರಾಷ್ಟ್ರೀಯ ಸಮ್ಮೇಳನಗಳು ಈ ಪ್ರಶ್ನೆಯಿಂದ ಮುಂದೆ ಹೋದಂತಿಲ್ಲ.

ಅಧ್ಯಾಯ 4: ರಿಮೋಟ್ ಮತ್ತು ವಂಶಾವಳಿ

ಭಾರತದಲ್ಲಿ 2020ರ ಜನವರಿಯಿಂದ ನಕ್ಷತ್ರ ಗುರುತಿನ ಏಸಿಗಳು 24 ಡಿಗ್ರಿಯಲ್ಲೇ ಶುರುವಾಗಬೇಕೆಂಬ ನಿಯಮವಿದೆ. ನಿಯಮ ಮಾಡಿದವರು ಬೀಗರನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಚಚಡಿ ಸೀಮೆಯಲ್ಲಿ ಡಿಗ್ರಿ ನಿಶ್ಚಯವಾಗುವುದು ಬಂದವರ ಸ್ಥಾನಮಾನದಿಂದ. ಹೊಸ ಅಳಿಯನಿಗೆ 16. ಬೀಗರಿಗೆ 18. ಹಳೆಯ ಅಳಿಯನಿಗೆ 24, ಅದೂ ಊಟ ಆಗುವವರೆಗೆ. ಮಗಳಿಗೆ, "ಯಾಕ, ಅಲ್ಲಿ ನಿಮ್ಮನ್ಯಾಗ ಇಲ್ಲೇನ?" ಎಂಬ ಪ್ರಶ್ನೆಯ ನಂತರ 26. ಸ್ವಂತ ಮಗನಿಗೆ ಫ್ಯಾನ್. ಸಂಶೋಧಕರಿಗೆ ಫ್ಯಾನಿನ ರೆಗ್ಯುಲೇಟರ್ 3ರಲ್ಲಿ.

ರಿಮೋಟಿನ ಒಡೆತನ ಮನೆಯ ಹಿರಿಯ ಹೆಣ್ಣುಮಗಳದು. ಅದು ಬಂದಾಗಿನ ಪ್ಲಾಸ್ಟಿಕ್ ಕವರಿನಲ್ಲೇ ಗೋಡೆಯ ಮಾಡದಲ್ಲಿ, ಭಂಡಾರದ ಬಟ್ಟಲಿನ ಪಕ್ಕದಲ್ಲಿರುತ್ತದೆ. ಅದರ ಮೇಲಿನ ಅರಿಸಿನ ಯಾವ ಹಬ್ಬದ್ದೆಂದು ನಿರ್ಧರಿಸಲು ಪ್ರಯೋಗಾಲಯ ಬೇಕು. ಆಕೆ ಸ್ವತಃ ಏಸಿಯ ಕೆಳಗೆ ಕೂರುವುದಿಲ್ಲ. "ಕಾಲ ಹಿಡಿತಾವ" ಎನ್ನುತ್ತಾಳೆ. ಆಕೆಯೇ ಹೊಲಿದ ಕೌದಿಯನ್ನು ಮಾತ್ರ 16 ಡಿಗ್ರಿಯಲ್ಲಿ ನಡುಗುವ ಹೊಸ ಅಳಿಯನಿಗೆ ಹೊದಿಸುತ್ತಾರೆ. ಕರೆಂಟು ಖರ್ಚು ಮಾಡಿ ಚಳಿ ಹುಟ್ಟಿಸಿ, ಅರಿವೆ ಖರ್ಚು ಮಾಡಿ ಅದನ್ನು ಓಡಿಸುವ ಈ ಕ್ರಮ ಆತಿಥ್ಯದ ಪರಾಕಾಷ್ಠೆ. ಅಳಿಯ ರಿಮೋಟ್ ಕೇಳುವಂತಿಲ್ಲ, ಕೇಳಿದರೆ ಮಾವನ ಮಾನ ಹೋಗುತ್ತದೆ.

ಅಧ್ಯಾಯ 5: ಇನ್ನೂರು ಯೂನಿಟ್

ಒಂದು ಟನ್ನಿನ ಏಸಿ ಎಂದರೆ, ಹಳೆಯ ಅಮೆರಿಕನ್ ಲೆಕ್ಕದಲ್ಲಿ ಸುಮಾರು 907 ಕಿಲೋ ಮಂಜುಗಡ್ಡೆ 24 ತಾಸಿನಲ್ಲಿ ಕರಗುವಾಗ ಎಷ್ಟು ಕಾವು ಹೀರುತ್ತದೋ ಅಷ್ಟನ್ನು ಹೀರುವ ಯಂತ್ರ. ಇದನ್ನು ವಿವರಿಸಿದಾಗ ಕಬ್ಬು ಬೆಳೆಗಾರರೊಬ್ಬರು ತಮ್ಮದೇ ಕೋಷ್ಟಕದಿಂದ ಸರಿಪಡಿಸಿದರು: ಒಂದೂವರೆ ಟನ್ನಿನ ಏಸಿ ತರಬೇಕಾದರೆ ಹತ್ತು ಟನ್ನಿಗೂ ಮಿಕ್ಕಿ ಕಬ್ಬು ಕಾರ್ಖಾನೆಗೆ ಹೋಗಬೇಕು, ಮೇಲೆ ಕಾರ್ಖಾನೆ ಬಿಲ್ ಕೊಡಬೇಕು. ಈ ಎರಡನೆಯ ಷರತ್ತಿನಿಂದಾಗಿ ಏಸಿ ಕೊಳ್ಳುವ ಋತು ಬೇಸಿಗೆಯೇ ಎಂದು ಹೇಳಲು ಬಾರದು.

ಒಂದೂವರೆ ಟನ್ನಿನ ಯಂತ್ರ ತಾಸಿಗೆ ಸುಮಾರು ಒಂದು ಯೂನಿಟ್ ತಿಂದರೂ, ರಾತ್ರಿ 8 ತಾಸಿನಂತೆ ತಿಂಗಳಿಗೆ 240 ಯೂನಿಟ್. 2023ರಲ್ಲಿ ಬಂದ ಗೃಹಜ್ಯೋತಿ ಯೋಜನೆಯಲ್ಲಿ ಉಚಿತ ಕರೆಂಟಿನ ಕೊನೆಯ ಗೆರೆ 200. ದಾಟಿದರೆ ಪೂರ್ತಿ ಬಿಲ್. ಹಾಗಾಗಿ ತಿಂಗಳ ಕೊನೆಯ ವಾರ ಬರುವ ಬೀಗರಿಗೂ ಮೊದಲ ವಾರ ಬರುವ ಬೀಗರಿಗೂ ಸಿಗುವ ತಂಪಿನಲ್ಲಿ ವ್ಯತ್ಯಾಸವಿದೆ. ಅತ್ತ ಮನೆಯ ಯಜಮಾನನಿಗೆ ಹೊಲದ ಮೋಟಾರಿಗೆ ತ್ರೀಫೇಜ್ ಬರುವುದು ಸರಿರಾತ್ರಿ. ಸಾಲ ತೀರಿಸುವವನು ಕಬ್ಬಿನ ಗದ್ದೆಯಲ್ಲಿ ಬ್ಯಾಟರಿ ಹಿಡಿದು ನೀರು ತಿರುವುತ್ತಿರುವಾಗ ಮನೆಯಲ್ಲಿ ಏಸಿ ಖಾಲಿ ಮಂಚವನ್ನು ತಂಪಾಗಿಡುತ್ತದೆ.

ಅಧ್ಯಾಯ 6: ಅಡುಗೆಮನೆ

ಅಡುಗೆಮನೆ ಈ ಅಧ್ಯಯನದ ವ್ಯಾಪ್ತಿಗೆ ಬರುವುದಿಲ್ಲ, ಯಾಕೆಂದರೆ ಅದು ಏಸಿಯ ವ್ಯಾಪ್ತಿಗೂ ಬರುವುದಿಲ್ಲ. ಮೇ ತಿಂಗಳ ಮಧ್ಯಾಹ್ನ, ಹಂಚಿನ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದವರನ್ನು ಕೇವಲ ಸೌಜನ್ಯಕ್ಕಾಗಿ ಒಂದು ಪ್ರಶ್ನೆ ಕೇಳಲಾಯಿತು. ಅವರು ತಲೆ ಎತ್ತದೆ ಹೇಳಿದರು: "ಇಲ್ಲಿ ಫ್ಯಾನ್ ಸೈತ ಹಚ್ಚಾಂಗಿಲ್ರೀ, ಗ್ಯಾಸ್ ಆರತೈತಿ." ಕೈ ಮಾತ್ರ ನಿಲ್ಲಲಿಲ್ಲ. ರೊಟ್ಟಿ ಹಂಚಿಗೆ ಬಿತ್ತು, ಅರಿವೆಯಿಂದ ಮೇಲೆ ನೀರು ಸವರಿದರು, ತಿರುವಿದರು, ಅದು ಉಬ್ಬಿತು. ಗೋಡೆಯಾಚೆ ಅಳಿಯ ಸೀನಿದ್ದು ಕೇಳಿಸಿತು.

ಫಲಿತಾಂಶ ಮತ್ತು ಶಿಫಾರಸುಗಳು

ಮೇಲಿನ ಎಲ್ಲ ಸಾಕ್ಷ್ಯಗಳಿಂದ ಚಚಡಿ ನಿಯಮವನ್ನು ಹೀಗೆ ಮಂಡಿಸಬಹುದು: ತಂಪು ಧಗೆ ಇರುವಲ್ಲಿಗೆ ಹೋಗುವುದಿಲ್ಲ, ಮಾನ ಇರುವಲ್ಲಿಗೆ ಹೋಗುತ್ತದೆ. ಬ್ರೂಕ್ಲಿನ್ನಿನ ಕಾಗದ, ಅಮೆರಿಕದ ನೂಲು, ಸಿಂಗಾಪುರದ ಅಧಿಕಾರಿ, ಚಚಡಿಯ ಅಳಿಯ ಎಲ್ಲರೂ ಇದೇ ನಿಯಮದ ಫಲಾನುಭವಿಗಳು. ಅತಿ ಹೆಚ್ಚು ಬೆವರುವವರು ಇದರಿಂದ ಎಲ್ಲ ಹವೆಗಳಲ್ಲೂ ಸಮಾನವಾಗಿ ಹೊರಗುಳಿದಿದ್ದಾರೆ.

ಶಿಫಾರಸುಗಳು ಮೂರು. ಒಂದು, ಏಸಿಯ ಮೇಲೆ ನಕ್ಷತ್ರಗಳ ಜೊತೆಗೆ ಅದು ಎಷ್ಟು ಮಂದಿ ಬೀಗರನ್ನು ತಾಳಬಲ್ಲದೆಂಬುದನ್ನೂ ಮುದ್ರಿಸಬೇಕು. ಎರಡು, ಪಕ್ಕದ ಮನೆಯ ಅಜ್ಜನ ಪ್ರಶ್ನೆಯನ್ನು ಮುಂದಿನ ಹವಾಮಾನ ಸಮ್ಮೇಳನದ ಕಾರ್ಯಸೂಚಿಗೆ ಸೇರಿಸಬೇಕು. ಮೂರು, ಈ ಸೀಮೆಯ ಎಲ್ಲ ಅಡುಗೆಮನೆಗಳನ್ನು ಆಡಳಿತಾತ್ಮಕವಾಗಿ ಬೆಳಗಾವಿ ಜಿಲ್ಲೆಯಿಂದ ಬಿಡಿಸಿ ವಿಜಯಪುರಕ್ಕೆ ಸೇರಿಸಬೇಕು. ಆಗ ಏಪ್ರಿಲ್–ಮೇ ತಿಂಗಳಲ್ಲಿ ಅವುಗಳ ವೇಳೆ ಮಧ್ಯಾಹ್ನ 1.30ಕ್ಕೆ ಮುಗಿಯುತ್ತದೆ. ಆ ಬಳಿಕ ಹಸಿವಾದವರು ಲಿಖಿತ ಅರ್ಜಿಯೊಂದಿಗೆ ಮರುದಿನ ಬೆಳಗ್ಗೆ 8ಕ್ಕೆ ಹಾಜರಾಗತಕ್ಕದ್ದು. ಹೊಸ ಅಳಿಯಂದಿರಿಗೂ ವಿನಾಯಿತಿ ಇಲ್ಲ.