ಕಡಲಿಲ್ಲದ ಕರಾವಳಿ: ನಾಲ್ಕು ಪಟ್ಟಣಗಳ ಉಬ್ಬರವಿಳಿತ ಶಾಸ್ತ್ರ

ಹಾನಗಲ್, ಶಿಗ್ಗಾವಿ, ಸವಣೂರು ಮತ್ತು ಹಿರೇಕೆರೂರು ಕರಾವಳಿ ಪಟ್ಟಣಗಳೆಂಬುದು ಪ್ರಸ್ತುತ ಪ್ರಬಂಧದ ಪ್ರತಿಜ್ಞೆ. ಹಾವೇರಿ ಜಿಲ್ಲೆಗೆ ಕಡಲೇ ಇಲ್ಲವಲ್ಲ ಎಂಬುದು ಪೂರ್ವಪಕ್ಷ. ಈ ಆಕ್ಷೇಪ ಭೂಗೋಳ ಬಲ್ಲವರದು, ಪುರಸಭೆ ಬಲ್ಲವರದಲ್ಲ.

ಮೊದಲ ಪ್ರಮಾಣ ನೀರಿನದು. ಹಾನಗಲ್ ಸೀಮೆಯ ಮಳೆನೀರು ಧರ್ಮಾ ನದಿಗಿಳಿದು, ಕೂಡಲದ ಬಳಿ ವರದೆಯನ್ನು ಸೇರಿ, ತುಂಗಭದ್ರೆ, ಕೃಷ್ಣೆಯರ ಕೈಹಿಡಿದು ಬಂಗಾಳ ಕೊಲ್ಲಿ ಮುಟ್ಟುತ್ತದೆ. ಘಟ್ಟ ಇಳಿದರೆ ಸಿಗುವ ಅರಬ್ಬಿ ಸಮುದ್ರಕ್ಕೆ ಬೆನ್ನು ಹಾಕಿ ದೇಶದ ಆ ತುದಿಗೆ ಹೊರಡುವುದು ಇಲ್ಲಿನ ನೀರಿನ ಗುಣ. ಪಕ್ಕದ ಗಟಾರ ಬಿಟ್ಟು ದೂರದ ಯೋಜನೆಗೆ ಠರಾವು ಪಾಸು ಮಾಡುವ ಸಭೆಗಳು ಕುಡಿಯುವುದೂ ಅದೇ ನೀರು. ಇನ್ನು ದಂಡೆಯ ಮಾತು: ಹಾನಗಲ್ಲಿಗೆ ಆನೆಕೆರೆ, ಸವಣೂರಿಗೆ ಮೋತಿ ತಲಾಬ್, ಹಿರೇಕೆರೂರಿಗೆ ದುರ್ಗಾದೇವಿ ಕೆರೆ ಇವೆ. ಶಿಗ್ಗಾವಿಯಲ್ಲಿ ಅಲೆಯ ಮೊರೆತವನ್ನು ರಾಷ್ಟ್ರೀಯ ಹೆದ್ದಾರಿ 48ರ ಲಾರಿಗಳು ಹಗಲಿರುಳೂ ಪೂರೈಸುತ್ತವೆ.

ಎರಡನೆಯ ಪ್ರಮಾಣ ನಿರ್ಣಾಯಕ. ಕಡಲೆಂದರೆ ಉಬ್ಬರ ಬೇಕು. ಇಲ್ಲಿ ಅದಕ್ಕೆ ಕಾರಣ ಚಂದ್ರನಲ್ಲ, ಚುನಾವಣಾ ಆಯೋಗ. ಶಾಸಕರ ಅನರ್ಹತೆಯಿಂದ ಹಿರೇಕೆರೂರಿಗೆ 2019ರ ಡಿಸೆಂಬರಿನಲ್ಲಿ ಉಪಚುನಾವಣೆ ಬಂತು. ಸಿ.ಎಂ. ಉದಾಸಿಯವರ ನಿಧನದಿಂದ ಹಾನಗಲ್ಲಿಗೆ 2021ರ ಅಕ್ಟೋಬರಿನಲ್ಲಿ ಬಂತು. ಬಸವರಾಜ ಬೊಮ್ಮಾಯಿ ಲೋಕಸಭೆಗೆ ಹೋದದ್ದರಿಂದ ಶಿಗ್ಗಾವಿಗೆ 2024ರ ನವೆಂಬರಿನಲ್ಲಿ ಬಂತು. ಸವಣೂರು ಶಿಗ್ಗಾವಿ ಕ್ಷೇತ್ರದೊಳಗೇ ಇರುವುದರಿಂದ ಅದಕ್ಕೆ ಸ್ವಂತ ಖರ್ಚಿಲ್ಲದೆ ಅಲೆ ತಗುಲಿತು. ಐದು ವರ್ಷದಲ್ಲಿ ಮೂರು ಉಬ್ಬರ! ಮಂಗಳೂರಿನವರೂ ಅಸೂಯೆಪಡಬೇಕು. ಉಬ್ಬರದ ದಿನಗಳಲ್ಲಿ ಮಂತ್ರಿಗಳು ದಂಡೆಗೆ ತೇಲಿಬರುತ್ತಾರೆ, ಯಾವ ಓಣಿಗೆ ರಸ್ತೆಯಿಲ್ಲವೆಂಬುದು ಬೆಂಗಳೂರಿಗೂ ಗೊತ್ತಾಗುತ್ತದೆ. ಆದರೂ ಜಲಚರಗಳ ನಡೆ ಊಹೆಗೆ ಸಿಗದು: 2021ರಲ್ಲಿ ಪಕ್ಕದ ಶಿಗ್ಗಾವಿಯ ಶಾಸಕ ಬೊಮ್ಮಾಯಿಯವರೇ ಮುಖ್ಯಮಂತ್ರಿಯಾಗಿ ಹಾನಗಲ್ಲಿನಲ್ಲಿ ಪ್ರಚಾರ ಮಾಡಿದರೂ ಅವರ ಪಕ್ಷ ಸೋತಿತು.

ಇಳಿತದ ಲಕ್ಷಣ ಇದಕ್ಕಿಂತ ಸ್ವಾರಸ್ಯದ್ದು. 2018ರ ಆಗಸ್ಟ್ 31ರಂದು ಹಾವೇರಿ ಜಿಲ್ಲೆಯವೂ ಸೇರಿ ರಾಜ್ಯದ ನೂರಕ್ಕೂ ಹೆಚ್ಚು ಪಟ್ಟಣಗಳು ವಾರ್ಡ್ ಸದಸ್ಯರನ್ನು ಆರಿಸಿದವು. ಅಧ್ಯಕ್ಷ ಸ್ಥಾನದ ಮೀಸಲಾತಿ ಪಟ್ಟಿ ಕೋರ್ಟಿನ ಕಟ್ಟೆ ಹತ್ತಿತು. ಖುರ್ಚಿ ತುಂಬಲು 2020ರ ಕೊನೆಯವರೆಗೆ ಕಾಯಬೇಕಾಯಿತು. ಎರಡು ವರ್ಷ ಗೆದ್ದವರು ಮನೆಯಲ್ಲಿ, ಆಡಳಿತಾಧಿಕಾರಿ ಕಚೇರಿಯಲ್ಲಿ. ಹಾರ ಹಾಕಿಸಿಕೊಂಡ ಸದಸ್ಯನನ್ನು ನೀರು ಯಾವಾಗ ಬಿಡುತ್ತೀರಿ ಎಂದು ಕೇಳಿದರೆ ಅವನು ಪಾಪ, ನಲ್ಲಿಗಿಂತ ಒಣಗಿದ್ದ. ಕೊನೆಗೂ ಖುರ್ಚಿ ಸಿಕ್ಕರೆ ಅವಧಿ ಮೂವತ್ತು ತಿಂಗಳು. ಅಷ್ಟರಲ್ಲಿ ಮುಂದಿನ ಪಟ್ಟಿಯ ಮಾತು ಹೊರಡುತ್ತದೆ. 74ನೇ ತಿದ್ದುಪಡಿ 1993ರಲ್ಲಿ ಪಟ್ಟಣಗಳಿಗೆ ಸ್ವರಾಜ್ಯ ಕೊಟ್ಟಿತೆಂದು ಶಾಸ್ತ್ರಗ್ರಂಥಗಳು ಸಾರುತ್ತವೆ. ಶಾಸಕ, ಸಂಸದರಿಗೆ ಪುರಸಭೆಯಲ್ಲಿ ಮತವಿದೆಯೆಂಬುದನ್ನು ಅವು ತಗ್ಗಿದ ದನಿಯಲ್ಲಿ ಹೇಳುತ್ತವೆ. ಅಧ್ಯಕ್ಷರ ಆಯ್ಕೆಯ ದಿನ ಆ ಎರಡು ಮತಗಳ ತೂಕ ಎಲ್ಲರಿಗೂ ತಿಳಿಯುತ್ತದೆ.

ಒಂದು ಪ್ರಸಂಗ ಮಾತ್ರ ಈ ಶಾಸ್ತ್ರದ ನಗೆಗೆ ಸಿಗುವುದಿಲ್ಲ. ಅದೇ 1993ರಲ್ಲಿ ಮಲ ಹೊರುವ ಪದ್ಧತಿಯನ್ನು ನಿಷೇಧಿಸುವ ಕಾಯ್ದೆಯೂ ಬಂದಿತ್ತು. 2010ರ ಜುಲೈನಲ್ಲಿ, ಅಂದರೆ ಹದಿನೇಳು ವರ್ಷದ ಬಳಿಕ, ಸವಣೂರಿನಲ್ಲಿ ತಲೆಮಾರುಗಳಿಂದ ಅದೇ ಕೆಲಸದಲ್ಲಿದ್ದ ಸಮುದಾಯದವರು ತಮ್ಮ ವಸತಿಯಿಂದ ಎಬ್ಬಿಸುವ ಕ್ರಮವನ್ನು ವಿರೋಧಿಸಿ, ಪುರಸಭೆ ಕಚೇರಿಯ ಎದುರು ಮೈಮೇಲೆ ಮಲ ಸುರಿದುಕೊಂಡರು. ಆಗ ರಾಜ್ಯವೆಲ್ಲ ಸವಣೂರಿನತ್ತ ತಿರುಗಿ ನೋಡಿತು. ಅರ್ಜಿಯಿಂದ ಆಗಬೇಕಾದ ಕೆಲಸಕ್ಕೆ ಮನುಷ್ಯ ಇಷ್ಟು ಮಾಡಬೇಕಾಗಿ ಬಂದದ್ದು ಆ ಪಟ್ಟಣದ ಆಡಳಿತ ಚರಿತ್ರೆಯ ಅತಿ ಮುಖ್ಯ ಪುಟ.

ಮುಂದಿನ ಸಂಶೋಧಕರಿಗೆ ಆಕರದ ಕೊರತೆಯಿಲ್ಲ. ಶಿಗ್ಗಾವಿ ತಾಲೂಕಿನ ಗೊಟಗೋಡಿಯಲ್ಲೇ ಜಾನಪದ ವಿಶ್ವವಿದ್ಯಾಲಯವಿದೆ. ಪುರಸಭೆಯ ನಡಾವಳಿ ಪುಸ್ತಕವನ್ನು ಅಲ್ಲಿ ಪಠ್ಯವಾಗಿಡಲು ಈ ಪ್ರಬಂಧ ಶಿಫಾರಸು ಮಾಡುತ್ತದೆ. ಅಲ್ಲಿಯವರೆಗೆ ಓದುಗರೇ ಕೆಲಸ ಶುರುಮಾಡಬಹುದು. ಮಾಹಿತಿ ಹಕ್ಕಿನ ಅರ್ಜಿಗೆ ಶುಲ್ಕ ಹತ್ತು ರೂಪಾಯಿ. ನಿಮ್ಮ ವಾರ್ಡಿನ ಠರಾವುಗಳ ನಕಲು ಕೇಳಿ, ಮೂವತ್ತು ದಿನದೊಳಗೆ ಉತ್ತರ ಕೊಡಬೇಕಾದದ್ದು ಅವರ ಕರ್ತವ್ಯ.